ಅಡಿಗೆಮನೆಯ ಆಸ್ತಿ



ಮನೆತನದ ಆಸ್ತಿ ಎಂದೊಡನೆ ಹೊಲ, ಮನೆ, ಬಂಗಾರ ನಮ್ಮ ಕಣ್ಣ ಮುಂದೆ ಬರುತ್ತವೆ. ಅವಕ್ಕೆ ಕಾಗದಪತ್ರಗಳುಂಟು, ತಂಟೆ ಬಂದರೆ ಕೋರ್ಟು ಕಚೇರಿಗಳುಂಟು. ಯಾವ ಕಾಗದದಲ್ಲಿಯೂ ಬರೆಯದೆ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಬಂದ ಆಸ್ತಿ ಇನ್ನೊಂದುಂಟು. ಅದೇ ಅಡಿಗೆ.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿರಿ. ಹಿಟ್ಟು, ನೀರು, ಬೆಂಕಿ, ಇಷ್ಟೇ ಅದರ ಸಾಮಾನು. ಆದರೂ ಎಲ್ಲರಿಗೂ ಬರುವುದಿಲ್ಲ. ಗೋಧಿಹಿಟ್ಟಿನ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಅಂಗೈಯಿಂದ ತಿಕ್ಕಿ ತಿಕ್ಕಿ ನಾದಬೇಕು. ಹಿಟ್ಟು ಹಳತಾದರೆ ಅಂಚು ಬಿರಿಯುತ್ತದೆ. ಒಂದು ಕೈ ಬಡಿಯುವಾಗ ಇನ್ನೊಂದು ಕೈ ಅಂಚು ಕಾಯಬೇಕು. ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಅರಿವೆಯಿಂದ ನೀರು ಸವರಬೇಕು; ಆ ನೀರು ಆರುವ ಹೊತ್ತಿಗೆ ತಿರುವಿ ಹಾಕಬೇಕು. "ನೀರು ಎಷ್ಟು ಹಾಕ್ಲಿ, ಅತ್ತೀ?" ಎಂದು ಸೊಸೆ ಕೇಳಿದರೆ, "ಹಿಟ್ಟು ಕೇಳಿದಷ್ಟು ಹಾಕವಾ" ಎನ್ನುತ್ತಾಳೆ ಅತ್ತೆ. ಈ ಅಳತೆ ಯಾವ ಪುಸ್ತಕದಲ್ಲಿದೆ?

ಇನ್ನೊಂದು ಅಳತೆಯುಂಟು. ಎಳ್ಳಮಾವಾಸ್ಯೆಯ ದಿನ ನಮ್ಮ ಒಕ್ಕಲು ಮಕ್ಕಳು ಸಜ್ಜೆಯ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಕಲಬುರ್ಗಿ, ಬೀದರ ಕಡೆಗೆ ಹಲವು ಕಾಯಿಪಲ್ಲೆ, ಕಾಳು ಕೂಡಿಸಿದ ಭಜ್ಜಿ ಇರಲೇಬೇಕು. ಮೊದಲ ತುತ್ತು ತಮ್ಮ ಬಾಯಿಗಲ್ಲ. ಹೊಲದ ತುಂಬ ಚರಗ ಚೆಲ್ಲಿ, ಭೂತಾಯಿಗೆ ಅರ್ಪಿಸಿದ ಮೇಲೆಯೇ ಊಟ. ಹೊಲವಿಲ್ಲದವರನ್ನೂ ಕರೆದು ಕೂಡಿಸಿಕೊಳ್ಳುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳ ತಾಯಂದಿರು ಮನೆಮನೆಯಲ್ಲಿ ಬಡಿದ ಲಕ್ಷಗಟ್ಟಲೆ ರೊಟ್ಟಿಗಳು ದಾಸೋಹಕ್ಕೆ ಬರುತ್ತವೆ. ಯಾರ ಮನೆಯ ರೊಟ್ಟಿ ಎಂಬುದು ಉಣ್ಣುವವನಿಗೆ ಗೊತ್ತಿಲ್ಲ. ಯಾರು ಉಣ್ಣುವರೆಂಬುದು ಬಡಿದವಳಿಗೆ ಗೊತ್ತಿಲ್ಲ. ಪರರ ಪಾಲನ್ನೂ ಸೇರಿಸಿ ಹಿಟ್ಟು ತೆಗೆಯುವುದು ನಮ್ಮ ಹಿರಿಯರ ಅಳತೆ.

ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜಗತ್ತು ಜೋಳ, ಸಜ್ಜೆಗಳನ್ನು ಕೊಂಡಾಡಿತು. ನಮ್ಮ ಮನೆಯ ಮಕ್ಕಳು ಅವನ್ನೇ ತಾಟಿನ ಅಂಚಿಗೆ ಸರಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲ! ರೊಟ್ಟಿ ಕೊಂಡು ತರುವುದು ತಪ್ಪೆಂದು ನಾವು ಹೇಳುವುದಿಲ್ಲ. ರೊಟ್ಟಿ ಬಡಿದು ಮಾರುವುದೂ ಎಷ್ಟೋ ತಾಯಂದಿರ ಕಾಯಕವೇ. ಆದರೆ ಮನೆಯಲ್ಲಿ ಬಲ್ಲ ಅಜ್ಜಿ ಇದ್ದೂ ಯಾರೂ ಕಲಿಯದಿದ್ದರೆ, ತಲೆತಲಾಂತರದ ವಿದ್ಯೆ ಒಂದೇ ದಿನ ಮಣ್ಣಿಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟವೊಂದುಂಟು. ಕೆಲವು ಮನೆಗಳಲ್ಲಿ ಅತ್ತೆಯ ಕೈರುಚಿ ಬೇಕು, ಅತ್ತೆ ಬೇಡ. ಅವಳು ಕಲಿಸಿದ ಹೋಳಿಗೆಯನ್ನು ಬೀಗರೆಲ್ಲ ಹೊಗಳುತ್ತಿರುವಾಗ, ಅವಳು ಒಳಕೋಣೆಯಲ್ಲಿ ಒಬ್ಬಳೇ ತಾಟಿಗಾಗಿ ಕಾಯುತ್ತಿರುತ್ತಾಳೆ. ಆ ಮನೆಗೆ ಅಡಿಗೆ ಬಂತು, ಅಳತೆ ಬರಲಿಲ್ಲ. ಹಾಗೆ ಬಡಿಸಿದ್ದು ಊಟವಾದೀತು, ಪ್ರಸಾದವಾಗಲಾರದು.

ಆದ್ದರಿಂದ ವಾರಕ್ಕೊಮ್ಮೆಯಾದರೂ ಮಗಳನ್ನೂ ಮಗನನ್ನೂ ಒಲೆಯ ಮುಂದೆ ಕೂಡಿಸಿರಿ. ಹಸಿವು ಇಬ್ಬರಿಗೂ ಇರುವಾಗ ವಿದ್ಯೆ ಒಬ್ಬರಿಗೇ ಏಕೆ? ಅಜ್ಜಿ ಹೇಳಲಿ, ಮಕ್ಕಳು ಬಡಿಯಲಿ. ರೊಟ್ಟಿ ಸೊಟ್ಟಗಾದರೂ ಚಿಂತೆಯಿಲ್ಲ. ಮೊದಲ ರೊಟ್ಟಿ ಅಜ್ಜಿಯ ತಾಟಿಗೆ ಹೋಗಲಿ. ಬಂದವರಿಗಾಗಿ ಒಂದು ರೊಟ್ಟಿ ಬುಟ್ಟಿಯಲ್ಲಿರಲಿ. ನಿಮ್ಮ ಮನೆಯ ಒಲೆ ಎಂದೂ ಆರದಿರಲೆಂದು ಹಾರೈಸುತ್ತೇವೆ.