ಕರೆಯಿಂದ ಕರಾವಳಿಗೆ



ಮಳೆಗಾಲದ ಹವಾಮಾನ ವರದಿಯಲ್ಲಿ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಹೆಸರು ದಿನವೂ ನಮ್ಮ ಕಿವಿಗೆ ಬೀಳುತ್ತವೆ. ಇಲ್ಲಿ ಕರಾವಳಿ ಎಂದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳು. ಘಟ್ಟದ ಬುಡದ ಸುಳ್ಯ, ಘಟ್ಟದ ಮೇಲಿನ ಶಿರಸಿ, ಬಯಲುಸೀಮೆಗೆ ತಾಗಿದ ಹಳಿಯಾಳ ಎಲ್ಲವೂ ಈ ಲೆಕ್ಕದಲ್ಲಿ ಕರಾವಳಿಯೇ. ಕಡಲು ಕಾಣದ ಊರುಗಳಿಗೂ ಹಬ್ಬಿದ ಈ ಮಾತಿನ ಹಾದಿಯನ್ನು ಇಂದು ನೋಡೋಣ.

ದಡಕ್ಕೆ ಕನ್ನಡದ ಹಳೆಯ ಮಾತು ಕರೆ. ತಮಿಳಿನ ಕರೈ, ಮಲಯಾಳದ ಕರ ಇದರ ಒಡಹುಟ್ಟುಗಳು. ಕರಾವಳಿ ಎನ್ನುವಾಗಲೂ ಕೇಳಿಸುವುದು ಅದೇ ದನಿ. ಮಲ್ಪೆಯ ಹತ್ತಿರ ಒಂದು ಪಡುಕರೆ ಇದೆ, ಕೋಟದ ಬಳಿ ಇನ್ನೊಂದು. ಪಡು ಎಂದರೆ ಪಶ್ಚಿಮ, ಕರೆ ಎಂದರೆ ದಡ. ಮಲ್ಪೆಯ ಪಡುಕರೆಯಲ್ಲಿ ನಿಂತರೆ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ. ನಡುವಿನ ಮರಳ ಪಟ್ಟಿಯ ಮೇಲೆ ತೆಂಗು, ಮನೆ, ದೋಣಿ. ಹೊಳೆ ಕಡಲು ಸೇರುವ ಬಾಯಿ ಅಳಿವೆ. ಮಂಗಳೂರಿನಲ್ಲಿ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳ ನೆಲ ಬೆಂಗ್ರೆ. ತುಳುವರಿಗೆ ದಡವೆಂದರೆ ಕಡಲ ಬರಿ. ನೀರಿನ ಪಕ್ಕದಲ್ಲೇ ಬದುಕಿದವರು ನೆಲದ ಒಂದೊಂದು ಬಗೆಗೂ ಒಂದೊಂದು ಹೆಸರಿಟ್ಟರು.

ಇಡೀ ಸೀಮೆಗೆ ಮಾತ್ರ ಒಂದೇ ಹೆಸರು ನಿಂತದ್ದಿಲ್ಲ. ತುಳುನಾಡು, ಹೈವ, ಕೊಂಕಣ ಎಂಬವು ಹಳೆಯ ಹೆಸರುಗಳು. ವಿಜಯನಗರದ ಆಳ್ವಿಕೆಯಲ್ಲಿ ಬಾರಕೂರು ರಾಜ್ಯ, ಮಂಗಳೂರು ರಾಜ್ಯಗಳಿದ್ದವು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಸೀಮೆ ಬ್ರಿಟಿಷರ ಕೆನರಾ ಜಿಲ್ಲೆಯಾಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮುಂದೆ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಭಾಗ ಮದರಾಸು ಪ್ರಾಂತ್ಯದಲ್ಲೇ ಉಳಿಯಿತು. 1956ರಲ್ಲಿ ಎರಡೂ ಮತ್ತೆ ಒಂದೇ ರಾಜ್ಯದೊಳಗೆ ಬಂದವು, ದಕ್ಷಿಣ ಭಾಗದ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಹೀಗೆ ಹರಿದು ಹಂಚಿಹೋಗಿದ್ದ ನೆಲವನ್ನು ಒಟ್ಟಾಗಿ ಹೇಳಲು ಕರಾವಳಿ ಎಂಬ ಮಾತು ಒದಗಿಬಂತು. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ, ಹವ್ಯಕ ಕನ್ನಡ ಆಡುವವರೆಲ್ಲರೂ ಅದರಡಿ ಸೇರಬಹುದು. ಇದು ಆ ಮಾತಿನ ದೊಡ್ಡ ಗುಣ.

1991ರಲ್ಲಿ ಕಾನೂನು ಕರಾವಳಿಗೆ ಇನ್ನೊಂದು ಅಳತೆ ತಂದಿತು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ಉಬ್ಬರದ ನೀರು ಮುಟ್ಟುವ ಗೆರೆಯಿಂದ ನೆಲದ ಕಡೆಗೆ 500 ಮೀಟರ್ ಈ ವಲಯಕ್ಕೆ ಸೇರಿತು. ಹವಾಮಾನ ವರದಿಗೆ ಜಿಲ್ಲೆಗಟ್ಟಲೆ ಹರಡಿದ ಕರಾವಳಿ, ಕಾನೂನಿಗೆ ಅರ್ಧ ಕಿಲೋಮೀಟರಿನ ಪಟ್ಟಿ.

ಮೀನುಗಾರರಿಗೆ ಕರೆ ಎಂದರೆ ದುಡಿಯುವ ಜಾಗ. ಕೈರಂಪಣಿ ಎಂಬ ಎಳೆಬಲೆ ಹಾಕುವಾಗ ಬಲೆಯ ಹಗ್ಗದ ಒಂದು ತುದಿ ದಡದಲ್ಲಿರುತ್ತದೆ. ದೋಣಿ ಬಲೆ ಬಿಡುತ್ತಾ ಅರ್ಧಚಂದ್ರದಂತೆ ಸುತ್ತಿ ಬಂದು ಇನ್ನೊಂದು ತುದಿಯನ್ನು ದಡಕ್ಕೆ ಮುಟ್ಟಿಸುತ್ತದೆ. ಎರಡೂ ಕಡೆ ಸಾಲಾಗಿ ನಿಂತವರು ಮರಳಿನಲ್ಲಿ ಕಾಲೂರಿ ಎಳೆಯುತ್ತಾರೆ, ಬಂದ ಮೀನಿನಲ್ಲಿ ಪಾಲು ಪಡೆಯುತ್ತಾರೆ. ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ದೊಡ್ಡ ರಂಪಣಿ 1970ರ ದಶಕದಲ್ಲಿ ಪರ್ಸೀನ್ ಬಲೆಯ ಬೋಟುಗಳು ಬಂದ ಮೇಲೆ ಸೊರಗಿತು. ಉಳಿದ ಕೈರಂಪಣಿಗೂ ಮರಳು ಬೇಕು. ಕಡಲ್ಕೊರೆತ ತಡೆಯಲೆಂದು ಬಂಡೆಗಲ್ಲು ಸುರಿದ ಕಡೆ ಬಲೆ ಎಳೆಯಲು ಜಾಗವಿರುವುದಿಲ್ಲ.

ಕರಾವಳಿಯ ಅಭಿವೃದ್ಧಿ ಎಂದು ನಾವು ಮಾತಾಡುವಾಗ ಈ ಕರೆಯೂ ಲೆಕ್ಕಕ್ಕೆ ಬರಬೇಕು. ಪಡುಕರೆ, ಅಳಿವೆ, ಬೆಂಗ್ರೆ ಎಂಬ ಹೆಸರುಗಳು ಯಾವುದು ದಡ, ಯಾವುದು ಮರಳ ನೆಲ, ಯಾವುದು ನೀರಿನ ದಾರಿ ಎಂಬುದನ್ನು ಹೇಳುತ್ತವೆ. ಕಡಲ ಬದಿಯ ಶಾಲೆಗಳ ಶಿಕ್ಷಕರು ಊರಿನ ಹಿರಿಯರಿಂದ ಕೇಳಿದ ಇಂಥ ಹೆಸರುಗಳನ್ನು ಮಕ್ಕಳ ಕೈಯಲ್ಲೇ ಬರೆಯಿಸಲಿ. ಯೋಜನೆಗಳ ನಕ್ಷೆ ಬರೆಯುವವರು ಅವನ್ನು ಬಿಡದೆ ಗುರುತಿಸಲಿ. ಇದು ನನ್ನ ಕೋರಿಕೆ.