ಎರಡನೆಯ ಸಲ ಸೈಕಲ್ ಕಲಿಯುವುದು

ಸೈಕಲ್ಲನ್ನು ನಾವು ಎರಡು ಸಲ ಕಲಿಯಬೇಕಾಗುತ್ತದೆ. ಮೊದಲನೆಯ ಸಲ ಕಲಿಯುವುದು ಬೀಳದೆ ಕುಳಿತಿರುವುದನ್ನು. ಅದಕ್ಕೆ ಶಾಲೆಯ ಬಯಲು ಸಾಕು. ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲು ಸಾಕು. ಸೀಟಿನ ಹಿಂಭಾಗ ಹಿಡಿದು ಏದುಸಿರು ಬಿಡುತ್ತ ಓಡಿಬರುವ ಅಣ್ಣನೋ ಸೋದರಮಾವನೋ ಇದ್ದರೆ ಸಾಕು. ಒಳಪೆಡಲು ತುಳಿಯುತ್ತ ಮೊಣಕಾಲು ತರಚಿಕೊಂಡವರೆಲ್ಲ ಈ ಪಾಠವನ್ನು ಕೆಲವು ದಿನಗಳಲ್ಲೇ ಮುಗಿಸಿರುತ್ತಾರೆ. ಎರಡನೆಯ ಸಲ ಕಲಿಯುವುದು ಲಾರಿ, ಬಸ್ಸು, ಆಟೋಗಳ ನಡುವೆ ದಾರಿ ಮಾಡಿಕೊಂಡು ಹೋಗುವುದನ್ನು. ಅಲ್ಲಿ ಸೀಟು ಹಿಡಿಯುವವರು ಯಾರೂ ಇರುವುದಿಲ್ಲ. ಆದ್ದರಿಂದಲೇ ಮೊದಲ ಪಾಠದಲ್ಲಿ ಉತ್ತೀರ್ಣರಾದ ಎಷ್ಟೋ ಮಂದಿ ಎರಡನೆಯ ತರಗತಿಯ ಕಡೆ ತಲೆಹಾಕದೆ, ಸೈಕಲ್ಲನ್ನು ಮೆಟ್ಟಿಲ ಕೆಳಗೆ ಒರಗಿಸಿ, ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಾರೆ. ಆ ಎರಡನೆಯ ಪಾಠದ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬೆಂಗಳೂರಿನ ವಾಯವ್ಯಕ್ಕೆ ರಾಜಗೋಪಾಲನಗರವೆಂಬ ಬಡಾವಣೆಯಿದೆ. ಇತ್ತ ಹೆಗ್ಗನಹಳ್ಳಿ, ಅತ್ತ ಲಗ್ಗೆರೆ, ಮಗ್ಗುಲಲ್ಲೇ 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶ. ಲೇತ್ ಯಂತ್ರಗಳ ಸಣ್ಣ ಶೆಡ್ಡುಗಳು, ಸಿದ್ಧ ಉಡುಪಿನ ದೊಡ್ಡ ಕಾರ್ಖಾನೆಗಳು, ಅವುಗಳಲ್ಲಿ ದುಡಿಯುವವರ ವಠಾರಗಳು ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮನೆಯಿಂದ ಕೆಲಸಕ್ಕೆ ಮೂರು ಕಿಲೋಮೀಟರಿನ ದಾರಿ ಎಂದಿಟ್ಟುಕೊಳ್ಳಿ. ನಡೆದರೆ ಮುಕ್ಕಾಲು ಗಂಟೆ, ಸೈಕಲ್ಲಿನಲ್ಲಿ ಕಾಲು ಗಂಟೆ. 2014ರ ಮಾರ್ಚಿಯಲ್ಲಿ ಪೀಣ್ಯಕ್ಕೆ ಮೆಟ್ರೋ ರೈಲು ಬಂದಿತು, ನಿಜ. ಆದರೆ ಅದು ನಿಲ್ಲುವುದು ತುಮಕೂರು ರಸ್ತೆಯ ಮೇಲೆ, ಶೆಡ್ಡಿನ ಬಾಗಿಲಲ್ಲಿ ಅಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚು ತಪ್ಪಿದೆ, ಕಾಯುವುದು ತಪ್ಪಿಲ್ಲ. ಗಂಡಸರಿಗೆ ಎರಡೂ ತಪ್ಪಿಲ್ಲ. ಸಾಲ ಮಾಡಿ ಮೋಟಾರ್ ಬೈಕು ಕೊಂಡರೆ ತಿಂಗಳ ಕಂತು ಮತ್ತು ಪೆಟ್ರೋಲು ಸಂಬಳದ ದೊಡ್ಡ ತುಣುಕನ್ನು ನುಂಗುತ್ತವೆ. ಇಂಥವರ ಪಾಲಿಗೆ ಸೈಕಲ್ ತುಳಿಯುವ ಧೈರ್ಯವೆಂಬುದು ತಿಂಗಳ ಜಮಾಖರ್ಚಿಗೆ ಸೇರಿದ ಬಾಬತ್ತು.

ಹೊಸ ಸವಾರನ ಭಯವೆಲ್ಲ ಬೆನ್ನಿನಲ್ಲಿರುತ್ತದೆ. ಹಿಂದಿನಿಂದ ಹಾರನ್ ಕೇಳಿಸಿತೋ, ಅವನು ಒಂದು ಗೇಣು ಎಡಕ್ಕೆ ಸರಿಯುತ್ತಾನೆ. ಇನ್ನೊಂದು ಕೇಳಿಸಿದರೆ ಇನ್ನೊಂದು ಗೇಣು. ನಮ್ಮ ಊರಿನ ಹಾರನ್ನಿಗೆ ಅಷ್ಟು ಮರ್ಯಾದೆ ಕೊಡಬೇಕಾಗಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದರ ಅರ್ಥ ‘ನಾನೂ ಇದ್ದೇನೆ’ ಎಂದಷ್ಟೇ. ಆದರೆ ಹೀಗೆ ಸರಿದು ಸರಿದು ಸವಾರ ಸೇರುವುದೆಲ್ಲಿಗೆ? ರಸ್ತೆಯ ಅಂಚಿಗೆ. ಅಲ್ಲಿ ಮರಳಿದೆ, ಬಾಯಿತೆರೆದ ಚರಂಡಿಯ ಚಪ್ಪಡಿಯಿದೆ, ಲೇತಿನಿಂದ ಉದುರಿ ಟೈರಿಗಾಗಿ ಕಾದಿರುವ ಉಕ್ಕಿನ ಸುರುಳಿಚೂರುಗಳಿವೆ, ಸರಕು ಇಳಿಸಲು ನಿಂತ ಲಗೇಜ್ ಆಟೋ ಇದೆ. ಆಟೋ ಅಡ್ಡ ಬಂದಾಗ ಅವನು ಥಟ್ಟನೆ ಬಲಕ್ಕೆ ಹೊರಳಲೇಬೇಕು. ಹಿಂದಿನ ವಾಹನದವನಿಗೆ ಅಲ್ಲಿಯವರೆಗೆ ಕಾಣದಿದ್ದ ಸೈಕಲ್ಲು ಆ ಕ್ಷಣದಲ್ಲಿ ಚಕ್ರದ ಮುಂದೆ ಪ್ರತ್ಯಕ್ಷವಾಗುತ್ತದೆ. ಅಂಜಿ ಹುಡುಕಿಕೊಂಡ ಜಾಗವೇ ಅಪಾಯದ ಜಾಗವಾಯಿತು.

ಹಾಗಾಗಿ ಅನುಭವಿಗಳು ಹೇಳುವ ಮೊದಲ ಬುದ್ಧಿಮಾತು, ಅಂಚಿನಿಂದ ಒಂದು ತೋಳಿನಷ್ಟು ಒಳಗೆ, ಗೆರೆ ಎಳೆದಂತೆ ನೇರವಾಗಿ ಹೋಗಬೇಕೆಂಬುದು. ನಮ್ಮಂತೆಯೇ ಎಡಬದಿಯಲ್ಲಿ ಸಂಚರಿಸುವ ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ ರಸ್ತೆಯ ನಿಯಮಾವಳಿಯನ್ನು ತಿದ್ದಿದಾಗ ಇದನ್ನೇ ಬರೆದರು: ವಾಹನಗಳು ವೇಗವಾಗಿ ಸಾಗುವ ರಸ್ತೆಯಲ್ಲಿ ಅಂಚಿನಿಂದ ಕನಿಷ್ಠ ಅರ್ಧ ಮೀಟರು ದೂರ, ನಿಂತ ಕಾರುಗಳಿಂದ ಒಂದು ಮೀಟರು ದೂರ, ನಿಧಾನವಾಗಿ ಸಾಗುವ ದಟ್ಟಣೆಯಲ್ಲಿ, ಕೂಡುರಸ್ತೆ ಹತ್ತಿರವಾದಾಗ, ತಮ್ಮ ಸಾಲಿನ ಮಧ್ಯದಲ್ಲೇ. ರಾಜಗೋಪಾಲನಗರದ ಮುಖ್ಯರಸ್ತೆಯಲ್ಲಿ ಇದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದರೂ ಅದರ ತಿರುಳು ಇಲ್ಲಿಗೂ ಸಲ್ಲುತ್ತದೆ. ಹಿಂದಿನವನಿಗೆ ನಾವು ದೂರದಿಂದಲೇ ಕಾಣಬೇಕು. ನಾವು ಎಲ್ಲಿಗೆ ಹೊರಟಿದ್ದೇವೆಂಬುದು ಅವನಿಗೆ ತಿಳಿಯಬೇಕು.

ತಿಳಿಸುವುದಕ್ಕೂ ಅಭ್ಯಾಸ ಬೇಕು. ಬಲಭುಜದ ಮೇಲಿಂದ ಹಿಂದಕ್ಕೆ ನೋಡಿ ಎಂದರೆ ಹೊಸಬರ ತಲೆಯೊಡನೆ ಹ್ಯಾಂಡಲ್ಲೂ ತಿರುಗುತ್ತದೆ. ಕೈ ಚಾಚಿ ಎಂದರೆ ಸೈಕಲ್ಲು ಓಲಾಡುತ್ತದೆ. ಇವನ್ನು ಸೋಮವಾರ ಬೆಳಗಿನ ಒಂಬತ್ತು ಗಂಟೆಗೆ ಕಲಿಯಲಾಗದು. ಪುಣ್ಯಕ್ಕೆ ವಾರಕ್ಕೊಂದು ಭಾನುವಾರವಿದೆ. ಪೀಣ್ಯದಲ್ಲಿ ಹೆಚ್ಚಿನ ಶೆಡ್ಡುಗಳು ಅಂದು ಬಾಗಿಲೆಳೆದಿರುತ್ತವೆ. ಅಗಲವಾದ ಆ ಖಾಲಿ ಬೀದಿಗಳಲ್ಲಿ ಒಂದು ಕೈಯಲ್ಲಿ ಹ್ಯಾಂಡಲ್ಲು ಹಿಡಿದು ನೇರವಾಗಿ ಹೋಗುವುದನ್ನು, ಹಿಂದೆ ನೋಡುವುದನ್ನು, ಎರಡೂ ಬ್ರೇಕುಗಳನ್ನು ಒಟ್ಟಿಗೆ ಒತ್ತಿ ಗೊತ್ತುಮಾಡಿದ ಗೆರೆಯಲ್ಲಿ ನಿಲ್ಲುವುದನ್ನು ರೂಢಿಸಿಕೊಳ್ಳಬಹುದು. ಹಳೆಯ ಕಾಲದ ಸೈಕಲ್ಲಾದರೆ ಮಳೆಯಲ್ಲಿ ರಿಮ್ಮು ನೆನೆದಾಗ ಬ್ರೇಕು ತಡವಾಗಿ ಹಿಡಿಯುತ್ತದೆಂಬುದನ್ನೂ ಅಲ್ಲೇ ಕಂಡುಕೊಳ್ಳುವುದು ಮೇಲು. ಅನಂತರ ಕೆಲಸಕ್ಕೆ ಹೋಗುವ ದಾರಿಯನ್ನೇ ಭಾನುವಾರ ಒಮ್ಮೆ ಹೋಗಿ ಬರಬೇಕು. ಗುಂಡಿ ಎಲ್ಲಿ, ಉಬ್ಬು ಎಲ್ಲಿ, ಬಸ್ಸು ಎಡಕ್ಕೆ ನುಗ್ಗುವ ತಂಗುದಾಣ ಎಲ್ಲಿ ಎಂಬುದು ಬಾಯಿಪಾಠವಾದ ಮೇಲೆ, ಕೆಲಸದ ದಿನ ಬೆಳಿಗ್ಗೆ ಆರಕ್ಕೆ. ಅದೂ ಸಲೀಸಾದ ಮೇಲೆ ಎಂಟಕ್ಕೆ, ಒಂಬತ್ತಕ್ಕೆ. ಧೈರ್ಯವು ಇಡೀ ಊರಿಗೆ ಒಂದೇ ಸಲ ಬರುವಂಥದಲ್ಲ. ಹೆಗ್ಗನಹಳ್ಳಿ ಕ್ರಾಸಿನಲ್ಲಿ ನಿರಾಳವಾಗಿ ಹೋಗುವವನು ಲಗ್ಗೆರೆ ಸೇತುವೆಯ ಬಳಿ ಮತ್ತೆ ಹೊಸಬನೇ.

ಆದರೆ ಎಲ್ಲ ಭಯವನ್ನೂ ಕಳೆದುಕೊಳ್ಳಬಾರದು. ಪೀಣ್ಯದ ಬೀದಿಗಳಲ್ಲಿ ಒಂದು ಭಯವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಅದು ಎಡಕ್ಕೆ ತಿರುಗುವ ಲಾರಿಯ ಭಯ. ಉದ್ದನೆಯ ಲಾರಿ ತಿರುಗುವಾಗ ಅದರ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿ ಬರುವುದಿಲ್ಲ. ಮೂಲೆಯನ್ನು ಕೊಯ್ದುಕೊಂಡು ಒಳಗೆ ಬರುತ್ತವೆ. ಎತ್ತರದಲ್ಲಿ ಕುಳಿತ ಚಾಲಕನಿಗೆ ತನ್ನ ಎಡಮಗ್ಗುಲಿನ ಕೆಳಭಾಗ ಕಾಣುವುದೇ ಇಲ್ಲ. ತಿರುವಿನಲ್ಲಿ ಲಾರಿ ನಿಂತಿದೆ, ಅದರ ಎಡಕ್ಕೆ ಒಂದು ಸೈಕಲ್ಲಿನಷ್ಟು ಸಂದು ಇದೆ. ಬುದ್ಧಿವಂತನಾದವನು ಆ ಸಂದನ್ನು ನೋಡಿಯೂ ನೋಡದಂತೆ ಹಿಂದೆಯೇ ನಿಲ್ಲಬೇಕು. ಲಾರಿಯ ಪಕ್ಕದ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ, ಆ ಕನ್ನಡಿಯಲ್ಲಿ ಅವನಿಗೂ ನಾವು ಕಾಣುವುದಿಲ್ಲ. ತುದಿಗೆ ಕೆಂಪು ಚಿಂದಿ ಕಟ್ಟಿಕೊಂಡು ಕಬ್ಬಿಣದ ಸರಳುಗಳನ್ನು ಹೊರಚಾಚಿ ಓಡುವ ಪುಟ್ಟ ಸರಕುಗಾಡಿಗಳ ಹಿಂದೆಯೂ ಇಷ್ಟೇ ಭಕ್ತಿಯಿಂದ ದೂರವಿರತಕ್ಕದ್ದು. ತುಮಕೂರು ರಸ್ತೆಯನ್ನೋ ಹೊರವರ್ತುಲ ರಸ್ತೆಯನ್ನೋ ದಾಟಬೇಕಾದಾಗ ಇಳಿದು, ಸೈಕಲ್ಲನ್ನು ತಳ್ಳಿಕೊಂಡು, ಪಾದಚಾರಿಗಳ ಜೊತೆ ದಾಟುವುದರಲ್ಲಿ ಯಾವ ಅವಮಾನವೂ ಇಲ್ಲ.

ಸೀಟು ಹಿಡಿಯುವವರಿಲ್ಲವೆಂದು ಮೊದಲೇ ಹೇಳಿದೆ. ಆದರೆ ಜೊತೆಗೆ ಬರುವವರು ಇರಬಹುದು. ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಸಾಕ್ಷರತಾ ಆಂದೋಲನದೊಂದಿಗೆ, ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಹೆಂಗಸರು ಅಲ್ಲಿ ಸೈಕಲ್ಲೇರಿ ತಮ್ಮ ಹೊಸ ಕೌಶಲವನ್ನು ಮೆರೆದರೆಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಒಬ್ಬಳೇ ಹೊರಟಿದ್ದರೆ ನಗೆಪಾಟಲಾಗುತ್ತಿದ್ದುದು ಅಷ್ಟು ಮಂದಿ ಹೊರಟಾಗ ನೋಟಕರ ಬಾಯಿ ಮುಚ್ಚಿಸಿತು. ಸೈಕಲ್ಲುಗಳು ಹೆಚ್ಚಿದಷ್ಟೂ ಪ್ರತಿಯೊಬ್ಬ ಸವಾರನಿಗೆ ಒದಗುವ ಅಪಾಯ ತಗ್ಗುತ್ತದೆಂದು ಪೀಟರ್ ಜೇಕಬ್ಸನ್ ಎಂಬ ಸಂಶೋಧಕರು 2003ರಲ್ಲಿ ಹಲವು ಊರು-ದೇಶಗಳ ಅಂಕಿಗಳಿಂದ ತೋರಿಸಿದರು. ವಾಹನ ನಡೆಸುವವರ ಕಣ್ಣು ಸೈಕಲ್ಲಿಗೆ ಪಳಗುತ್ತದೆಂಬುದು ಅವರ ವಿವರಣೆ. ಒಂದೇ ಪಾಳಿಗೆ ಹೋಗುವ ಮೂವರು ಒಟ್ಟಿಗೆ ಹೊರಟರೂ ಬಹಳಷ್ಟು ಸಾಧಿಸಿದಂತೆಯೇ. ಮೊದಲ ವಾರ ಅನುಭವಿ ಮುಂದೆ, ಹೊಸಬ ಹಿಂದೆ. ಎರಡನೆಯ ವಾರ ಹೊಸಬನನ್ನು ಮುಂದೆ ಬಿಡುವುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರನ್ನೂ ಹೇಳದಿರಲಾರೆ. ದಾರಿಯೇ ಒದಗಿಸಬೇಕಾದ ಭದ್ರತೆಯನ್ನು ಸವಾರನ ಎದೆಗಾರಿಕೆಯಿಂದ ತುಂಬಿಸಿಕೊಳ್ಳುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ 2012ರಲ್ಲಿ ಜಯನಗರದಲ್ಲಿ ಸೈಕಲ್ ಪಥಗಳಾದವು. ಅವುಗಳ ಮೇಲೆ ಕಾರು, ಸ್ಕೂಟರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯ ಪೂರ್ವಭಾಗದಲ್ಲಿ ಗೂಟ ನೆಟ್ಟು ಸೈಕಲ್ಲಿಗೆಂದು ಒಂದು ಸಾಲು ಬಿಟ್ಟರು. ಎರಡೂ ಪೀಣ್ಯದಿಂದ ದೂರ. ಹವ್ಯಾಸಕ್ಕಾಗಿ ಸೈಕಲ್ ತುಳಿಯುವವರ ಬಗ್ಗೆ ನನಗೆ ಅಸೂಯೆಯಿಲ್ಲ. ಆದರೆ ಹೊಟ್ಟೆಪಾಡಿಗಾಗಿ ತುಳಿಯುವವರ ಬೀದಿಯಿಂದ ಈ ಕೆಲಸ ಆರಂಭವಾಗಬೇಕಿತ್ತೆಂದು ನನ್ನ ಅಭಿಪ್ರಾಯ.

ಅಂಥ ಪಥ ಆಗುವವರೆಗೆ ಪಾಳಿಗಳು ನಿಲ್ಲುವುದಿಲ್ಲ. ರಾತ್ರಿ ಹತ್ತಕ್ಕೆ ಕೆಲಸ ಬಿಟ್ಟು ಹೊರಟವನಿಗೆ ಬೇಕಾದದ್ದು ಹ್ಯಾಂಡಲ್ಲಿಗೆ ಒಂದು ಬಿಳಿಯ ದೀಪ, ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ದೀಪ, ಪೆಡಲುಗಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಪೆಡಲಿನ ಪಟ್ಟಿ ಮೇಲೆ ಕೆಳಗೆ ಆಡುವುದರಿಂದ, ಅದು ಸೈಕಲ್ಲೆಂದು ಲಾರಿಯವನಿಗೆ ದೂರದಿಂದಲೇ ಗೊತ್ತಾಗುತ್ತದೆ.