ತಪ್ಪು ನಮ್ಮದೂ ಇದ್ದರೆ ಪರಿಹಾರವಿಲ್ಲವೇ?

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವಕೀಲನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡುವವನು. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ.

ನಮ್ಮ ಗಿರಣಿಯ ಗೆಳೆಯರೊಬ್ಬರು ರಾತ್ರಿ ಪಾಳಿ ಮುಗಿಸಿ ರಸ್ತೆ ದಾಟುವಾಗ ಟೆಂಪೊ ಬಡಿದು ಕಾಲು ಮುರಿದುಕೊಂಡರು. ಟೆಂಪೊ ಬಹಳ ಜೋರಾಗಿ ಬರುತ್ತಿತ್ತು, ನಿಜ. ಇವರೂ ಎಡಬಲ ನೋಡದೆ ದಾಟಿದ್ದರು, ಅದೂ ನಿಜ. ಮಾಲೀಕನ ಕಡೆಯವರು ಆಸ್ಪತ್ರೆಗೆ ಬಂದು, "ತಪ್ಪು ನಿಮ್ಮದೂ ಇದೆ, ಕೋರ್ಟಿಗೆ ಹೋದರೆ ಬಿಡಿಗಾಸೂ ಹುಟ್ಟದು" ಎಂದು ಹತ್ತು ಸಾವಿರ ರೂಪಾಯಿ ಕೊಟ್ಟು ರುಜು ಹಾಕಿಸಿಕೊಂಡರು. ಗೆಳೆಯರು ನಾಚಿಕೆಯಿಂದ ಸುಮ್ಮನಾದರು. ಮತ್ತೆ ಅವರು ಪಾಳಿಗೆ ಬರಲಿಲ್ಲ, ಊರು ಸೇರಿದರು. ಆ ಕಾಗದವನ್ನು ಓದಿ ಹೇಳಲು ಅಂದು ನಮ್ಮಲ್ಲಿ ಒಬ್ಬರೂ ಅವರ ಹತ್ತಿರ ಇರಲಿಲ್ಲವೆಂಬ ಕೊರಗು ನನಗಿದೆ.

ಏಕೆಂದರೆ ಅವರಿಗೆ ಹೇಳಿದ ಮಾತು ಸುಳ್ಳು. ಹಿಂದೆ ಇಂಗ್ಲೆಂಡಿನಲ್ಲಿ ಗಾಯಗೊಂಡವನದೂ ತಪ್ಪಿದ್ದರೆ ಸಾಮಾನ್ಯವಾಗಿ ಪರಿಹಾರವೇ ಇರುತ್ತಿರಲಿಲ್ಲ. ಅಲ್ಲಿಯೂ 1945ರಲ್ಲಿ ಕಾನೂನು ಮಾಡಿ ಅದನ್ನು ತಿದ್ದಿದರು. ನಮ್ಮ ನ್ಯಾಯಾಲಯಗಳು ತಪ್ಪನ್ನು ಪಾಲು ಹಾಕುತ್ತವೆ. ಪರಿಹಾರ 6 ಲಕ್ಷ ರೂಪಾಯಿ ಎಂದು ಗೊತ್ತಾಯಿತೆನ್ನಿ. ಗಾಯಾಳುವಿನ ತಪ್ಪು ನೂರಕ್ಕೆ 25 ಎಂದು ತೀರ್ಮಾನವಾದರೆ, ಒಂದೂವರೆ ಲಕ್ಷ ಕಳೆದು ನಾಲ್ಕೂವರೆ ಲಕ್ಷ ಅವನಿಗೆ ಬರುತ್ತದೆ. ಅದೂ ಎದುರು ಪಕ್ಷದವರು ಬಾಯಲ್ಲಿ ಹೇಳಿದರೆ ಸಾಲದು, ಸಾಕ್ಷ್ಯದಿಂದ ಸಾಧಿಸಬೇಕು.

ನಿಯಮ ಮುರಿದ ಮಾತ್ರಕ್ಕೇ ಅಪಘಾತದಲ್ಲಿ ಪಾಲಿದೆ ಎನ್ನಲಾಗದು. ಲೈಸೆನ್ಸ್ ಇಲ್ಲವೆಂಬುದೊಂದೇ ಸಾಲದೆಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಮೋಟಾರ್ ಸೈಕಲ್ಲಿನ ಮೇಲೆ ಮೂವರು ಕುಳಿತದ್ದು ತಪ್ಪೇ ಆದರೂ, ಅದರಿಂದಲೇ ಅಪಘಾತವಾಯಿತೇ ಅಥವಾ ಪೆಟ್ಟು ಹೆಚ್ಚಿತೇ ಎಂದು ನೋಡಬೇಕೆಂದು 2020ರಲ್ಲಿ ಹೇಳಿತು.

ಇನ್ನು ಬಸ್ಸೂ ಲಾರಿಯೂ ಎರಡೂ ಕಡೆಯ ತಪ್ಪಿನಿಂದ ಡಿಕ್ಕಿ ಹೊಡೆದರೆ, ಒಳಗೆ ಕುಳಿತ ಪ್ರಯಾಣಿಕನದೇನು ತಪ್ಪು? ಅವನ ಹಣದಲ್ಲಿ ಕಡಿತವಿಲ್ಲ. ಇಬ್ಬರಲ್ಲಿ ಯಾರಿಂದಲಾದರೂ ಅವನು ಪೂರ್ತಿ ವಸೂಲು ಮಾಡಬಹುದೆಂದು 2015ರ ತೀರ್ಪು ಹೇಳುತ್ತದೆ.

ಪರಊರಿನಲ್ಲಿ ದುಡಿಯುವ ನಾವು ನೆನಪಿಡಬೇಕಾದ ಸಂಗತಿಗಳು ಇನ್ನೂ ಕೆಲವಿವೆ. 1988ರ ಮೋಟಾರು ವಾಹನ ಕಾಯ್ದೆಯಂತೆ, ಅಪಘಾತ ನಡೆದ ಊರಿನಲ್ಲಿಯೇ ಅರ್ಜಿ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಇಲ್ಲಿ ದುಡಿಯುವವನು ತೀರಿಕೊಂಡರೆ, ಅವನ ಹೆಂಡತಿ ಮಕ್ಕಳು ಕರ್ನಾಟಕದ ತಮ್ಮ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಆದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಹಾಕಿದೆ. ತಡಮಾಡಬೇಡಿ.

ಪೊಲೀಸ್ ವರದಿ, ಆಸ್ಪತ್ರೆಯ ಚೀಟಿಗಳು, ಪಗಾರದ ಚೀಟಿ, ಗಾಡಿಯ ನಂಬರು, ನೋಡಿದವರ ಹೆಸರು ಇವನ್ನು ಜೋಪಾನ ಮಾಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಎದೆಗುಂದಬೇಡಿ. 1987ರ ಕಾಯ್ದೆಯಂತೆ ಕಾರ್ಖಾನೆಯ ಕಾರ್ಮಿಕರಿಗೂ ಸ್ತ್ರೀಯರಿಗೂ ಉಚಿತ ಕಾನೂನು ನೆರವು ಉಂಟು.

ನಮ್ಮ ತಪ್ಪನ್ನು ಮುಚ್ಚಿಡಿರೆಂದು ನಾನು ಹೇಳುತ್ತಿಲ್ಲ. ನಮ್ಮ ಪಾಲಿನ ತಪ್ಪನ್ನು ನಾವು ಹೊರೋಣ. ಇನ್ನೊಬ್ಬರ ಪಾಲನ್ನೂ ಹೊರುವುದು ಬೇಡ. ಯಾರಾದರೂ ಕಾಗದ ತಂದು ರುಜು ಕೇಳಿದರೆ, ಹಾಕುವ ಮೊದಲು ಅದನ್ನು ಈ ವಾಚನಾಲಯಕ್ಕೆ ತನ್ನಿ. ಕುಳಿತು ಓದೋಣ.